ನಂಬುವವರು, ನಂಬದವರು ಮತ್ತು ಆ ಮಕ್ಕಳು



2019ರ ಡಿಸೆಂಬರ್ 26ರಂದು, ಕ್ರಿಸ್ತಜಯಂತಿಯ ಮರುದಿನ, ಸೂರ್ಯಗ್ರಹಣವಿತ್ತು. ಕಲಬುರಗಿ ನಗರದ ಮಗ್ಗುಲಲ್ಲೇ ಇರುವ ತಾಜಸುಲ್ತಾನಪುರದಲ್ಲಿ ಅಂದು ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಇಟ್ಟರೆ ಕೈಕಾಲುಗಳಿಗೆ ಬಲ ಬರುತ್ತದೆ ಎಂಬುದು ಹಿರಿಯರಿಂದ ಬಂದ ನಂಬಿಕೆ. ಆ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು, ದೇಶವೆಲ್ಲ ನೋಡಿತು. ನಮ್ಮ ದೇವಾಲಯಗಳ ಗೋದಲಿಯಲ್ಲಿ ಬಾಲಯೇಸುವನ್ನು ಮಲಗಿಸಿ ಇನ್ನೂ ಎರಡು ದಿನ ಕಳೆದಿರಲಿಲ್ಲ.

ಈ ಘಟನೆಯನ್ನು ಮತ್ತೆ ನೆನಪಿಸುತ್ತಿರುವುದು ಯಾರನ್ನೂ ಹಂಗಿಸಲಿಕ್ಕಲ್ಲ. ದೇವರನ್ನು ನಂಬುವವರಿಗೂ ನಂಬದವರಿಗೂ ನಡುವೆ ಇರುವ ಜಗಳವೇನು, ಇಬ್ಬರೂ ಕೂಡಿ ನಿಲ್ಲಬಹುದಾದ ನೆಲ ಯಾವುದು ಎಂಬ ಪ್ರಶ್ನೆಯನ್ನು ಪುಸ್ತಕದಲ್ಲಿ ಹುಡುಕುವುದಕ್ಕಿಂತ ಆ ಮಕ್ಕಳ ಮುಂದೆ ನಿಂತು ಕೇಳಿಕೊಳ್ಳುವುದು ಲೇಸು ಎಂದು ತೋರಿತು.

ಆತುರದ ಎರಡು ಉತ್ತರಗಳು

ಆ ಚಿತ್ರ ನೋಡಿದ ನಾಸ್ತಿಕನ ಬಾಯಲ್ಲಿ ಬರುವ ಮೊದಲ ಮಾತು: “ನೋಡಿ, ನಂಬಿಕೆಯ ಫಲ ಇದೇ.” ಆಸ್ತಿಕನ ಬಾಯಲ್ಲಿ ಬರುವ ಮೊದಲ ಮಾತು: “ಇದು ನಂಬಿಕೆಯಲ್ಲ, ಮೂಢನಂಬಿಕೆ. ಇದಕ್ಕೂ ನಮಗೂ ಸಂಬಂಧವಿಲ್ಲ.” ಎರಡೂ ಆತುರದ ಉತ್ತರಗಳು. ಎರಡರಲ್ಲೂ ಹೇಳಿದವನು ಕೈ ತೊಳೆದುಕೊಳ್ಳುತ್ತಾನೆ. ಮಗು ಮಾತ್ರ ಗುಂಡಿಯಲ್ಲೇ ಉಳಿಯುತ್ತದೆ.

ಹೆತ್ತವರು ಆ ಗುಂಡಿ ತೋಡಿಸಿದ್ದು ದ್ವೇಷದಿಂದಲ್ಲ, ಮಗುವಿನ ಮೇಲಿನ ಆಸೆಯಿಂದ. ಆಳಂದ, ಅಫಜಲಪುರ, ಜೇವರ್ಗಿಯ ಕಡೆಯ ನಮಗೆ ಈ ಆಸೆ ಹೊಸದಲ್ಲ. ಆಳಂದದ ಲಾಡ್ಲೆ ಮಶಾಯಖ ದರ್ಗಾಕ್ಕೆ, ಗಾಣಗಾಪುರದ ದತ್ತನ ಸನ್ನಿಧಿಗೆ, ಘತ್ತರಗಿಯ ಭಾಗ್ಯವಂತಿಯ ಗುಡಿಗೆ ಬರುವ ಜನರಲ್ಲಿ ಕಾಯಿಲೆಯ ಮಗುವನ್ನು ಹೆಗಲ ಮೇಲೆ ಹೊತ್ತ ಅಪ್ಪಂದಿರು, ಮನಸ್ಸು ಕೆಟ್ಟ ಮಗಳ ಕೈ ಹಿಡಿದ ಅವ್ವಂದಿರು ಎಷ್ಟೋ ಮಂದಿ. ಅಂಥವರು ನಮ್ಮ ದೇವಾಲಯದ ಬಾಗಿಲಿಗೂ ಬರುತ್ತಾರೆ. ಆಸ್ಪತ್ರೆ ದೂರ, ಕೈಯಲ್ಲಿ ಕಾಸಿಲ್ಲ, ಡಾಕ್ಟರು “ಇನ್ನೇನೂ ಆಗದು” ಎಂದು ಕಳಿಸಿಬಿಟ್ಟಿದ್ದಾರೆ. ಆಗ ಯಾರು ಏನು ಹೇಳಿದರೂ ಅವರು ಮಾಡುತ್ತಾರೆ. ಅಂಥವರನ್ನು ನೋಡಿ ನಗುವ ವಿಚಾರವಾದವೂ ಸಲ್ಲದು, ಅವರ ಆಸೆಯನ್ನು ಸುಲಿಯುವ ಭಕ್ತಿಯೂ ಸಲ್ಲದು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ಹುಟ್ಟಿದ್ದು ನಂಬದವರ ಬಾಯಲ್ಲಲ್ಲ, ನೊಂದ ಭಕ್ತರ ಬಾಯಲ್ಲಿ.

ದ್ವಿತೀಯ ವ್ಯಾಟಿಕನ್ ಮಹಾಸಭೆ ಈ ಮಾತನ್ನು ಮುಚ್ಚಿಡಲಿಲ್ಲ. 1965ರಲ್ಲಿ ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಸ್ಥಾನವನ್ನು ಕುರಿತು ಹೊರಡಿಸಿದ ಸಂವಿಧಾನದಲ್ಲಿ, ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲೂ ಸಣ್ಣದಲ್ಲ ಎಂದು ಒಪ್ಪಿಕೊಂಡಿತು. ವಿಶ್ವಾಸಿಗಳು ತಪ್ಪಾಗಿ ಬೋಧಿಸಿದಾಗ, ಕೆಟ್ಟದಾಗಿ ಬದುಕಿದಾಗ, ದೇವರ ಮುಖವನ್ನು ತೋರಿಸುವುದರ ಬದಲು ಮರೆಮಾಡುತ್ತಾರೆ. ನಂಬುವವರೂ ನಂಬದವರೂ ಈ ಲೋಕವನ್ನು ಕೂಡಿ ಕಟ್ಟಬೇಕು, ಅದಕ್ಕೆ ಪ್ರಾಮಾಣಿಕ ಸಂವಾದ ಬೇಕು ಎಂದೂ ಅದೇ ಮಹಾಸಭೆ ಹೇಳಿತು.

ಶಂಕೆ ಶತ್ರುವಲ್ಲ

ಆದಿಯ ಕ್ರೈಸ್ತರನ್ನೇ ರೋಮನ್ನರು ನಾಸ್ತಿಕರೆಂದು ಕರೆದರು. ರೋಮಿನ ದೇವತೆಗಳಿಗೆ ಅವರು ಧೂಪ ಹಾಕಲಿಲ್ಲ, ಅದಕ್ಕೆ. ಎರಡನೆಯ ಶತಮಾನದ ಸಂತ ಜಸ್ಟಿನ್ ಈ ಆರೋಪವನ್ನು ಒಂದು ರೀತಿಯಲ್ಲಿ ಒಪ್ಪಿಕೊಂಡರು: ಅಂಥ ದೇವತೆಗಳ ವಿಷಯದಲ್ಲಿ ನಾವು ನಾಸ್ತಿಕರೇ ಸರಿ, ಸತ್ಯದೇವರ ವಿಷಯದಲ್ಲಿ ಅಲ್ಲ ಎಂಬುದು ಅವರ ವಾದ. ಸುಳ್ಳು ದೇವರನ್ನು ಅಲ್ಲಗಳೆಯುವುದು ನಂಬಿಕೆಯ ಒಂದು ಅಂಗವೇ ಎಂದಾಯಿತು. ನಾಸ್ತಿಕನು ಅಲ್ಲಗಳೆಯುವ ದೇವರು ಎಂಥವನು ಎಂದು ಮೊದಲು ಕೇಳಿ ತಿಳಿದುಕೊಳ್ಳೋಣ. ಮಕ್ಕಳನ್ನು ಹೂಳಿಸುವ ದೇವರೇ ಆದರೆ, ಅವನನ್ನು ಅಲ್ಲಗಳೆಯುವುದರಲ್ಲಿ ನಾವೂ ಜೊತೆಗಾರರು.

ಕರ್ನಾಟಕದ ವಿಚಾರವಾದಿಗಳಲ್ಲಿ ಡಾ. ಎಚ್. ನರಸಿಂಹಯ್ಯನವರ ಹೆಸರು ದೊಡ್ಡದು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು, ಗಾಂಧೀವಾದಿ, ಮದುವೆಯಾಗದೆ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ನೇಮಿಸಿದರು. ಭಕ್ತರಲ್ಲಿ ಅನೇಕರಿಗೆ ಸಿಟ್ಟು ಬಂತು. 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ, ಸರಳ ಬದುಕನ್ನೂ ಬಿಡಲಿಲ್ಲ. ಬಡತನದ ವ್ರತ ತೊಟ್ಟವರೂ ನಾಚುವಂಥ ಬಾಳು ಅದು.

ಅವರ ಸಮಿತಿಯನ್ನು ಕಂಡು ಕಥೋಲಿಕರು ಬೆದರಬೇಕಾಗಿಲ್ಲ. ಲೂರ್ದು ಮಾತೆಯ ಪುಣ್ಯಕ್ಷೇತ್ರದಲ್ಲಿ 1883ರಿಂದಲೇ ವೈದ್ಯಕೀಯ ಪರಿಶೀಲನಾ ಕಚೇರಿಯಿದೆ. ಗುಣವಾಯಿತೆಂದು ಬಂದು ಹೇಳಿದವರ ದಾಖಲೆಗಳನ್ನು ಯಾವ ಮತದ ವೈದ್ಯರೂ, ಮತವಿಲ್ಲದ ವೈದ್ಯರೂ ಅಲ್ಲಿ ಪರಿಶೀಲಿಸಬಹುದು. ಇದುವರೆಗೆ ಸುಮಾರು 7,000 ಪ್ರಕರಣಗಳು ಬಂದಿವೆ. ಧರ್ಮಸಭೆ ಪವಾಡವೆಂದು ಸಾರಿದ್ದು ಎಪ್ಪತ್ತರ ಆಸುಪಾಸಿನಷ್ಟು ಮಾತ್ರ. ದೇವರ ಹೆಸರಿನಲ್ಲಿ ಸುಳ್ಳು ನುಸುಳಬಾರದು ಎಂಬ ಕಾಳಜಿ ನರಸಿಂಹಯ್ಯನವರಿಗೆ ಒಂದು ದಾರಿಯಿಂದ ಬಂತು, ಧರ್ಮಸಭೆಗೆ ಇನ್ನೊಂದು ದಾರಿಯಿಂದ. ದಾರಿ ಬೇರೆಯಾದರೂ ಸತ್ಯದ ಮೇಲಿನ ಗೌರವ ಒಂದೇ.

ಸನ್ನತಿಯ ಕಲ್ಲು

ಆಳಂದ ತಾಲೂಕಿನಿಂದ ಹರಿದು ಬರುವ ಅಮರ್ಜಾ, ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಕೂಡಿದ ನೀರು ಜೇವರ್ಗಿಯ ನೆಲವನ್ನು ದಾಟಿ ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿಗೆ ಬರುತ್ತದೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿರುವ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕ ಚಕ್ರವರ್ತಿಯ ಶಾಸನ! ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹ. ಅದರಲ್ಲಿ ಅಶೋಕನ ಹನ್ನೆರಡನೆಯ ಶಿಲಾಶಾಸನವೂ ಇದೆ.

ಆ ಹನ್ನೆರಡನೆಯ ಶಾಸನದ ವಿಷಯ ಬೇರೆ ಯಾವುದೂ ಅಲ್ಲ, ಮತಮತಗಳ ನಡುವಿನ ಮಾತುಕತೆಯೇ. ನಾಲಗೆಯನ್ನು ಹಿಡಿತದಲ್ಲಿಡಬೇಕು, ತನ್ನ ಪಂಥವನ್ನು ಹೊಗಳಲೆಂದು ಇತರರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ತರುತ್ತಾನೆ, ಒಬ್ಬರು ಇನ್ನೊಬ್ಬರ ಧರ್ಮವನ್ನು ಕಿವಿಗೊಟ್ಟು ಕೇಳಬೇಕು ಎಂಬುದು ಅದರ ಸಾರ. ಅದೇ ಕಲ್ಲಿನಲ್ಲಿರುವ ಪ್ರತ್ಯೇಕ ಶಾಸನಗಳಲ್ಲಿ, ಪ್ರಜೆಗಳೆಲ್ಲ ತನಗೆ ಮಕ್ಕಳಂತೆ ಎಂದು ದೊರೆ ಹೇಳಿಕೊಳ್ಳುತ್ತಾನೆ. ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂದು ಬೋಧಿಸದ ಬುದ್ಧನ ಅನುಯಾಯಿ ಕೊರೆಯಿಸಿದ ಕಲ್ಲು ಅದು. ಅದರ ಮೇಲೆಯೇ ದೇವಿಯ ಮೂರ್ತಿ ನಿಂತಿತ್ತು. ನಮ್ಮ ನೆಲದಲ್ಲಿ ನಂಬಿಕೆ ಮತ್ತು ವಿಚಾರ ಹೀಗೆ ಒಂದರ ಮೇಲೊಂದು ಕುಳಿತೇ ಬಂದಿವೆ.

ಆದರೂ ಭಿನ್ನಾಭಿಪ್ರಾಯಕ್ಕೆ ಗುಂಡಿನಿಂದ ಉತ್ತರ ಕೊಟ್ಟದ್ದನ್ನೂ ನಾವು ಕಂಡಿದ್ದೇವೆ. ಅಂಧಶ್ರದ್ಧೆಯ ವಿರುದ್ಧ ದುಡಿದ ಡಾ. ನರೇಂದ್ರ ದಾಭೋಳ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಂದರು. ವಚನ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಕೊಂದರು. ಇನ್ನೊಂದು ಬದಿಯನ್ನೂ ಮರೆಯಬಾರದು: 1967ರಲ್ಲಿ ತನ್ನನ್ನು ನಾಸ್ತಿಕ ರಾಷ್ಟ್ರವೆಂದು ಸಾರಿಕೊಂಡ ಅಲ್ಬೇನಿಯಾ ದೇವಾಲಯಗಳಿಗೂ ಮಸೀದಿಗಳಿಗೂ ಬೀಗ ಹಾಕಿಸಿತು, ಗುರುಗಳನ್ನು ಸೆರೆಗೆ ತಳ್ಳಿತು. ಕ್ರೌರ್ಯ ಒಂದೇ ಪಕ್ಷದ ಆಸ್ತಿಯಲ್ಲ.

ದಾಭೋಳ್ಕರರು ತೀರಿಕೊಂಡ ವರ್ಷವೇ ಮಹಾರಾಷ್ಟ್ರದಲ್ಲಿ ಕಾನೂನು ಬಂತು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನು ಮತ್ತು ವಾಮಾಚಾರವನ್ನು ತಡೆಯುವ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಭೂತ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಅದರ ಪ್ರಕಾರ ಅಪರಾಧ. ಪ್ರದಕ್ಷಿಣೆ, ಯಾತ್ರೆ, ಭಜನೆ, ಹರಿಕಥೆಗಳನ್ನು ಅದು ಮುಟ್ಟುವುದಿಲ್ಲ. ಗಮನಿಸಿ: ಕಾನೂನು ಗೆರೆ ಎಳೆದದ್ದು ಆಸ್ತಿಕ ಮತ್ತು ನಾಸ್ತಿಕರ ನಡುವೆ ಅಲ್ಲ, ಪ್ರಾರ್ಥನೆ ಮತ್ತು ಹಿಂಸೆಯ ನಡುವೆ. ಆ ಗೆರೆಯನ್ನು ಇಬ್ಬರೂ ಕಾಯಬಹುದು.

ಬೇರೆಯಾಗುವುದು ಎಲ್ಲಿ?

ಹಾಗಾದರೆ ಇಬ್ಬರೂ ಒಂದೇ ಎಂದು ಹೇಳಿ ಮುಗಿಸಿಬಿಡೋಣವೇ? ಅದು ಸುಳ್ಳಾಗುತ್ತದೆ. ಸುಳ್ಳಿನ ಮೇಲೆ ಕಟ್ಟಿದ ಸ್ನೇಹ ಮೊದಲ ಮಳೆಗೇ ಕುಸಿಯುತ್ತದೆ.

ವಾಸಿಯಾಗದ ಮಗುವಿನ ಮುಂದೆ ನಮ್ಮ ದಾರಿ ಬೇರೆಯಾಗುತ್ತದೆ. ಈ ಮಗು ದೇವರ ಸ್ವರೂಪ, ಅದರ ಬಾಳು ಇಲ್ಲಿಗೇ ಮುಗಿಯುವುದಿಲ್ಲ ಎಂದು ನಾನು ನಂಬುತ್ತೇನೆ. ನನ್ನ ನಾಸ್ತಿಕ ಸ್ನೇಹಿತನು, “ಇರುವುದು ಇದೊಂದೇ ಬಾಳು, ಆದ್ದರಿಂದಲೇ ಈ ಮಗುವಿಗೆ ಒಂದು ದಿನವೂ ವೃಥಾ ನೋವಾಗಬಾರದು” ಎನ್ನುತ್ತಾನೆ. ಅವನ ಮಾತು ನನ್ನನ್ನು ಎಚ್ಚರಿಸುತ್ತದೆ: ಪರಲೋಕದ ಭರವಸೆ ಇಹದ ಸೋಮಾರಿತನಕ್ಕೆ ನೆಪವಾಗಬಾರದು. ನನ್ನ ಮಾತು ಅವನಿಗೊಂದು ಪ್ರಶ್ನೆಯಾಗಲಿ: ದುಡಿಯಲಾಗದ, ಮಾತಾಡಲಾಗದ, ಎಂದೂ ವಾಸಿಯಾಗದ ಈ ಮಗುವಿಗೆ ಉಳಿದವರಷ್ಟೇ ಬೆಲೆ ಎಲ್ಲಿಂದ ಬಂತು? ಅವನೂ ಅದಕ್ಕೆ ಪೂರ್ಣ ಬೆಲೆ ಕೊಡುತ್ತಾನೆ, ನಾನು ಬಲ್ಲೆ. ಆ ಬೆಲೆಯ ಬೇರು ಯಾವುದು ಎಂಬುದರಲ್ಲಿ ನಮಗೆ ಒಮ್ಮತವಿಲ್ಲ. ಬೇರಿನ ಬಗ್ಗೆ ವಾದ ಮುಂದುವರಿಯಲಿ. ನೆರಳಿನಲ್ಲಿ ಮಗುವನ್ನು ಮಲಗಿಸಲು ವಾದ ಮುಗಿಯುವ ತನಕ ಕಾಯಬೇಕಿಲ್ಲ.

ಹುಟ್ಟು ಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಯೇಸುಸ್ವಾಮಿ ತಿಳಿಸಿದರು. ಅಂಗವಿಕಲ ಮಗುವನ್ನು ಕರ್ಮದ ಫಲ, ಶಾಪದ ಫಲ ಎನ್ನುವವರಿಗೆ ಇದು ಉತ್ತರ. ಯಾವ ನಾಸ್ತಿಕನೂ ಇದಕ್ಕೆ ತಕರಾರು ಹೇಳಲಾರ. ಇನ್ನೊಂದು ಪ್ರಸಂಗದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆಯೊಬ್ಬ, ನಂಬುತ್ತೇನೆ ಎಂದವನೇ ತನ್ನ ಅಪನಂಬಿಕೆಗೂ ನೆರವು ಬೇಡುತ್ತಾನೆ. ಪ್ರಭು ಅವನನ್ನು ಗದರಿಸಿ ಕಳಿಸಲಿಲ್ಲ, ಮಗನನ್ನು ಗುಣಪಡಿಸಿದರು. ನಂಬಿಕೆ ಅಪನಂಬಿಕೆಗಳೆರಡೂ ಒಂದೇ ಎದೆಯಲ್ಲಿ ವಾಸಿಸುವುದನ್ನು ಶುಭಸಂದೇಶ ಬಲ್ಲದು.

ಮನೆಯೊಳಗಿನ ಮಾತು

ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿಗೋ ಪುಣೆಗೋ ಓದಲು ಹೋದ ಮಗ ರಜೆಗೆ ಬಂದು, “ಯವ್ವಾ, ನನಗ ನಂಬಿಕಿ ಬರವಲ್ದು. ಸುಳ್ಳ ಸುಳ್ಳ ಕೈ ಮುಗೀಲಿಕ್ಕ ಮನಸ್ಸಿಲ್ಲ” ಎನ್ನುತ್ತಾನೆ. ತಾಯಿ ಅಳುತ್ತಾಳೆ. ತಂದೆ, “ಇದಕ್ಕೇನು ನಿನಗ ಓದಿಸಿದ್ದು?” ಎಂದು ಗುಡುಗುತ್ತಾನೆ. ಮರು ಭಾನುವಾರ ಮಗ ಬಲಿಪೂಜೆಗೆ ಬಂದು ಕಟ್ಟಕಡೆಯ ಸಾಲಿನಲ್ಲಿ ನಿಲ್ಲುತ್ತಾನೆ. ಮನೆಯವರಿಗೆ ಸಮಾಧಾನ. ಆದರೆ ಅಂದು ನೀವು ಗಳಿಸಿದ್ದು ವಿಶ್ವಾಸವನ್ನೋ, ನಟನೆಯನ್ನೋ?

ಸಂತ ತೋಮಾಸ ಅಕ್ವಿನಾಸರು ಈ ವಿಷಯದಲ್ಲಿ ಬಹಳ ದಿಟ್ಟರು. ಮನಸ್ಸಾಕ್ಷಿ ತಪ್ಪು ತಿಳಿದಿದ್ದರೂ ಅದಕ್ಕೆ ವಿರುದ್ಧವಾಗಿ ನಡೆಯುವುದು ಪಾಪ ಎಂದು ಅವರು ಬೋಧಿಸಿದರು. ಕ್ರಿಸ್ತರಲ್ಲಿ ವಿಶ್ವಾಸವಿಡುವುದು ತಪ್ಪೆಂದು ಒಬ್ಬನ ಬುದ್ಧಿ ಪ್ರಾಮಾಣಿಕವಾಗಿ ಹೇಳುತ್ತಿದ್ದರೆ, ಅದನ್ನು ಮೀರಿ ವಿಶ್ವಾಸವಿಡುವುದೂ ಅವನ ಪಾಲಿಗೆ ಸರಿಯಲ್ಲ ಎಂಬಷ್ಟು ದೂರ ಅವರು ಹೋದರು. ಮನಸ್ಸಾಕ್ಷಿಗೆ ಸರಿಯಾದ ತಿಳಿವು ಕೊಡುವ ಕರ್ತವ್ಯ ಇದ್ದೇ ಇದೆ. ಅದನ್ನು ಬಲವಂತದಿಂದ ಬಗ್ಗಿಸುವ ಹಕ್ಕು ಯಾರಿಗೂ ಇಲ್ಲ.

ಆದ್ದರಿಂದ ಹೆತ್ತವರೇ, ಮೂರು ಮಾತು ನೆನಪಿಡಿ. ಮೊದಲನೆಯದು, ಮಗ ಏನು ಹೇಳುತ್ತಿದ್ದಾನೆಂಬುದನ್ನು ಅವನೇ “ಹೌದು, ಇದೇ ನನ್ನ ಮಾತು” ಎನ್ನುವಂತೆ ಮರಳಿ ಹೇಳಲು ಕಲಿಯಿರಿ, ವಾದ ಆಮೇಲೆ. ಎರಡನೆಯದು, ಸಂಜೆಯ ಜಪಸರವನ್ನು ಅವನಿಗಾಗಿ ನಿಲ್ಲಿಸಬೇಡಿ, ಅವನ ಬಾಯಿಗೆ ತುರುಕಲೂ ಬೇಡಿ. ಊಟದ ತಟ್ಟೆ ಮಾತ್ರ ಎಂದಿನ ಜಾಗದಲ್ಲೇ ಇರಲಿ. ಮೂರನೆಯದು, ಅವನೊಡನೆ ಕೂಡಿ ಒಂದು ಕೆಲಸ ಮಾಡಿ. ನಿಮ್ಮ ಓಣಿಯಲ್ಲಿ ಕೋಣೆಯೊಳಗೇ ಕುಳಿತ ಅಂಗವಿಕಲ ಮಗುವೊಂದಿರಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಗುರುತಿನ ಚೀಟಿ ಮಾಡಿಸುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಶಾಲೆಗೆ ಸೇರಿಸುವುದು, ಇವು ನಂಬಿಕೆಯನ್ನು ಕೇಳುವ ಕೆಲಸಗಳಲ್ಲ, ಕಾಲನ್ನೂ ತಾಳ್ಮೆಯನ್ನೂ ಕೇಳುವ ಕೆಲಸಗಳು.

ನಂಬದ ಮಕ್ಕಳಿಗೂ ಒಂದು ಮಾತು. ನಿಮ್ಮ ಅವ್ವನ ಪ್ರಾರ್ಥನೆಯನ್ನು ಗ್ರಹಣದ ಗುಂಡಿಯೊಡನೆ ಸೇರಿಸಿ ತೂಗಬೇಡಿ. ಅವಳು ಮೊಣಕಾಲೂರಿದಾಗ ಯಾರನ್ನೂ ಹೂಳುತ್ತಿಲ್ಲ. ದಿನದ ಹೊರೆಯನ್ನು ಇಳಿಸುತ್ತಿದ್ದಾಳೆ. ಪ್ರಶ್ನೆ ಕೇಳುವುದು ನಿಮ್ಮ ಹಕ್ಕು. ಆ ಪ್ರಶ್ನೆ ನಿಮ್ಮನ್ನೂ ಬಿಡದೆ ಕೇಳಲಿ.

ದ್ರಾಕ್ಷಿತೋಟಕ್ಕೆ ಹೋಗೆಂದು ತಂದೆ ಹೇಳಿದಾಗ ಒಬ್ಬ ಮಗ ಒಲ್ಲೆನೆಂದು ಆಮೇಲೆ ಹೋದ. ಇನ್ನೊಬ್ಬ ಆಗಲೆಂದು ಹೋಗಲೇ ಇಲ್ಲ. ಈ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ನಾಸ್ತಿಕರಿಗಲ್ಲ, ದೇವಾಲಯದಲ್ಲಿ ನಿಂತಿದ್ದ ಧಾರ್ಮಿಕ ಮುಖಂಡರಿಗೆ. ಪ್ರತಿ ಭಾನುವಾರ ‘ಆಮೆನ್’ ಎನ್ನುವ ನಾವು, ತೋಟಕ್ಕೆ ಹೊರಟಾಗ, ‘ಒಲ್ಲೆ’ ಎಂದವನು ನಮಗಿಂತ ಮೊದಲೇ ಅಲ್ಲಿ ಬೆವರು ಹರಿಸುತ್ತಿರುವುದನ್ನು ಕಂಡರೆ ಹೊಟ್ಟೆಕಿಚ್ಚು ಪಡದಿರೋಣ. ಅವನ ಪಕ್ಕದಲ್ಲೇ ಒಂದು ಸಾಲು ಹಿಡಿದು ದುಡಿಯೋಣ.