ಕೋಲಾರದ ಅಡ್ಡಗೆರೆ

1930ರ ಜುಲೈ 14ರಂದು ಬರ್ಲಿನ್ ಹತ್ತಿರದ ಕಾಪುತ್‌ನಲ್ಲಿದ್ದ ಐನ್‌ಸ್ಟೈನರ ಮನೆಗೆ ರವೀಂದ್ರನಾಥ ಟ್ಯಾಗೋರರು ಬಂದಿದ್ದರು. ಮನುಷ್ಯನೇ ಇಲ್ಲದಿದ್ದರೂ ಸತ್ಯ ಇರುತ್ತದೆಯೇ ಎಂಬಲ್ಲಿಗೆ ಮಾತು ಬಂತು. ಇದ್ದೇ ಇರುತ್ತದೆ ಎಂದರು ಐನ್‌ಸ್ಟೈನ್. ನಮ್ಮ ಅರಿವಿಗೆ ಸಂಬಂಧವೇ ಇಲ್ಲದ ಸತ್ಯ ನಮ್ಮ ಪಾಲಿಗೆ ಇಲ್ಲದಂತೆಯೇ ಎಂಬುದು ಟ್ಯಾಗೋರರ ವಾದ. ಇಬ್ಬರೂ ಪಟ್ಟು ಸಡಿಲಿಸಲಿಲ್ಲ. ತನ್ನದು ನಂಬಿಕೆ, ಸಾಬೀತು ಮಾಡಲಾರೆ ಎಂದು ಐನ್‌ಸ್ಟೈನ್ ಒಪ್ಪಿಕೊಂಡರು.

ಅದೇ ವರ್ಷದ ಡಿಸೆಂಬರಿನಲ್ಲಿ ವಿಜ್ಞಾನಿ ಪೌಲಿ, ಯಾರೂ ಕಂಡಿರದ ಕಣವೊಂದು ಇರಲೇಬೇಕೆಂದು ಪತ್ರ ಬರೆದರು. ಈಗ ಅದನ್ನು ನ್ಯೂಟ್ರಿನೊ ಎನ್ನುತ್ತೇವೆ. ಅದರ ಹುಡುಕಾಟ ನಮ್ಮ ಕೋಲಾರದ ಚಿನ್ನದ ಗಣಿಗೂ ಬಂತು. ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಬ್ರಿಟನ್, ಜಪಾನಿನ ವಿಜ್ಞಾನಿಗಳು ಉಪಕರಣ ಹೂಡಿ ಕಾದರು. ಆಕಾಶದಿಂದ ಬರುವ ಉಳಿದ ಕಣಗಳು ಅಷ್ಟು ದಪ್ಪದ ಬಂಡೆಯಲ್ಲೇ ಇಂಗಿಹೋಗುತ್ತವೆ. ಎಲ್ಲೋ ಒಂದೆರಡು ತೂರಿ ಬಂದರೂ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕಿಳಿಯುತ್ತವೆ. ಉಪಕರಣದಲ್ಲಿ ಮೂಡಿದ ಕಣದ ಜಾಡಿನ ಗೆರೆ ಅಡ್ಡಡ್ಡಲಾಗಿ ಹಾಯ್ದಿದ್ದರೆ ಅದು ನ್ಯೂಟ್ರಿನೊ ಬಂಡೆಗೆ ತಾಗಿ ಹುಟ್ಟಿಸಿದ ಕಣದ್ದು. 1965ರಲ್ಲಿ ಅಂಥ ಗೆರೆ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಬೇರೆಯದೇ ತಂಡಕ್ಕೂ ಸಿಕ್ಕಿತು. ಅದಕ್ಕೂ ಮುಂಚೆ ಸುಮಾರು 80 ವರ್ಷ ಕೋಲಾರದಲ್ಲಿ ಬಂಡೆ ಒಡೆದವರ ಮೈಯೊಳಗೆ ಈ ಕಣಗಳು ಲೆಕ್ಕವಿಲ್ಲದಷ್ಟು ಹಾದುಹೋಗಿದ್ದವು. ಕೂಲಿಗೂ ಗೊತ್ತಿಲ್ಲ, ಕಂಪನಿಯ ದೊರೆಗೂ ಗೊತ್ತಿಲ್ಲ. ಆದರೂ ಅವು ಇದ್ದವು.

ಹಾಗೆಂದು ಟ್ಯಾಗೋರರ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಗೆರೆ ಅಡ್ಡವೋ ನೆಟ್ಟಗೋ ಎಂದು ಕೇಳಬೇಕೆನಿಸಿದ್ದು ಮನುಷ್ಯನಿಗೇ ಹೊರತು ಬಂಡೆಗಲ್ಲ. ಆದರೆ ಪ್ರಶ್ನೆ ಮಾತ್ರ ನಮ್ಮದು. ಉತ್ತರ ನಮ್ಮ ಕೈಯಲ್ಲಿಲ್ಲ. ಇದಕ್ಕೂ ಕೋಲಾರವೇ ಸಾಕ್ಷಿ. 1980ರ ದಶಕದಲ್ಲಿ ಅಲ್ಲಿ ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಎಂದು ಹುಡುಕಿದರು. ಒಡೆದಿರಬಹುದು ಎನ್ನುವಂಥ ಕೆಲವು ಗುರುತುಗಳನ್ನೂ ಮುಂದಿಟ್ಟರು. ಅದು ನಿಜವಾಗಲಿ ಎಂದು ಕಾದು ಕುಳಿತ ಸಿದ್ಧಾಂತಿಗಳು ಜಗತ್ತಿನ ತುಂಬ ಇದ್ದರು. ಅಮೆರಿಕ, ಜಪಾನಿನ ದೊಡ್ಡ ಉಪಕರಣಗಳಿಗೆ ಅದು ಕಾಣಲಿಲ್ಲ, ಇವತ್ತಿಗೂ ಕಂಡಿಲ್ಲ. ಸತ್ಯ ಮನುಷ್ಯನ ಮನಸ್ಸಿನ ಆಸರೆಯಲ್ಲೇ ನಿಂತಿದ್ದರೆ, ಅಷ್ಟು ಜನ ಪಂಡಿತರ ಆಸೆಗೆ ಒಂದು ಪ್ರೋಟಾನಾದರೂ ಮಣಿಯಬೇಕಿತ್ತು. ಸಾಬೀತು ಇಲ್ಲದಿದ್ದರೂ ನನ್ನ ವೋಟು ಐನ್‌ಸ್ಟೈನರಿಗೇ.