ಉತ್ಸವವೂ ಅಪ್ಪಣೆಯೂ

ಊರಿನ ಜನರು ಒಂದುಗೂಡಿ ಹಬ್ಬ ಮಾಡುವುದು, ದೇವರನ್ನು ಬೀದಿಯಲ್ಲಿ ಮೆರೆಸುವುದು, ಸಭೆ ಸೇರಿ ಹಾಡನ್ನೋ ಹರಿಕಥೆಯನ್ನೋ ಕೇಳುವುದು, ಇವು ಮನುಷ್ಯಸಮಾಜದಷ್ಟೇ ಹಳೆಯವು. ಮನೆಯೊಳಗಿನ ಸಂತೋಷವು ಮನೆಯವರಿಗೆ ಸಾಕಾಗಬಹುದು. ಊರೆಲ್ಲವೂ ಕೂಡಿ ಪಡುವ ಸಂತೋಷದ ರುಚಿಯೇ ಬೇರೆ. ಹೀಗಿರುವಾಗ, "ನಮ್ಮ ಬೀದಿಯಲ್ಲಿ ನಾವು ಚಪ್ಪರ ಹಾಕುವುದಕ್ಕೆ ಕಚೇರಿಯ ಅಪ್ಪಣೆಯೇಕೆ?" ಎಂದು ಕೇಳುವವರು ಪ್ರತಿವರ್ಷವೂ ಇದ್ದೇ ಇರುತ್ತಾರೆ. ಈ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಕೊಡುವವನಿಗೆ ಆ ಅಧಿಕಾರವು ಎಲ್ಲಿಂದ ಬಂದಿತು, ಬೇಡುವವನಿಗೆ ಬೇಡುವ ಹೊಣೆಯು ಏತಕ್ಕೆ ಒದಗಿತು ಎಂಬುದನ್ನು ವಿಚಾರಿಸಿದ ಹೊರತು ಇದಕ್ಕೆ ಸಮಾಧಾನ ಹೇಳಲಾಗದು.

ವಿಷಯವು ಹೊಸದಲ್ಲ. 1909ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಮುದ್ರಿಸಿ ಲೋಕಕ್ಕೆ ತೋರಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉತ್ಸವ, ಸಮಾಜ, ಯಾತ್ರೆಗಳ ಕಾಲದಲ್ಲಿ ನಾಲ್ಕು ದಿವಸಗಳವರೆಗೆ ಮದ್ಯದ ವ್ಯವಹಾರಕ್ಕೆ ಅನುಮತಿ ಕೊಡತಕ್ಕದ್ದೆಂದೂ, ಅನುಮತಿ ಪಡೆಯದವರಿಂದ ಉತ್ಸವವು ಮುಗಿಯುವ ತನಕ ದಿನಂಪ್ರತಿ ದಂಡ ತೆಗೆದುಕೊಳ್ಳತಕ್ಕದ್ದೆಂದೂ ವಿಧಿಯಿದೆ. ಅಶೋಕನು ತನ್ನ ಮೊದಲನೆಯ ಶಿಲಾಶಾಸನದಲ್ಲಿ ಜನಸಂದಣಿಯ 'ಸಮಾಜ'ಗಳಲ್ಲಿ ಬಹಳ ದೋಷವನ್ನು ಕಂಡು ಅವು ಕೂಡವೆಂದನು. ಆದರೂ ಕೆಲವು ಸಮಾಜಗಳು ಒಳ್ಳೆಯವೆಂದು ಅಲ್ಲಿಯೇ ಒಪ್ಪಿಕೊಂಡನು. ಒಬ್ಬನ ದೃಷ್ಟಿಯು ಬೊಕ್ಕಸದ ಮೇಲೆ, ಇನ್ನೊಬ್ಬನದು ಧರ್ಮದ ಮೇಲೆ. ಆದರೆ ಇಬ್ಬರಲ್ಲಿಯೂ ಅಪ್ಪಣೆಯೆಂಬುದು ರಾಜನ ಸ್ವಂತ ವಸ್ತು. ಕೊಟ್ಟರೆ ಅನುಗ್ರಹ, ಕೊಡದಿದ್ದರೆ ಕೇಳುವವರಿಲ್ಲ.

ಈಗ ರಾಜರಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ಅನುಚ್ಛೇದವು ಶಾಂತರಾಗಿ, ನಿರಾಯುಧರಾಗಿ ಸಭೆ ಸೇರುವುದನ್ನು ಪ್ರಜೆಗಳ ಹಕ್ಕೆಂದು ಹೇಳಿದೆ. ಸಾರ್ವಜನಿಕ ಸುವ್ಯವಸ್ಥೆಗಾಗಿ ಯುಕ್ತವಾದ ನಿರ್ಬಂಧಗಳನ್ನು ಮಾತ್ರ ವಿಧಿಸಬಹುದೆಂದಿದೆ. 1972ರಲ್ಲಿ ಅಹಮದಾಬಾದಿನ ಒಂದು ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಬೀದಿಯಲ್ಲಿ ಸಭೆ ನಡೆಸಲು ಪೋಲೀಸು ಕಮಿಷನರ ಅನುಮತಿ ಬೇಕೆಂಬ ನಿಯಮವಿದ್ದಿತು. ಅದನ್ನು ಯಾವ ಕಾರಣಗಳಿಂದ ನಿರಾಕರಿಸಬಹುದೆಂದು ಮಾತ್ರ ಎಲ್ಲಿಯೂ ಹೇಳಿರಲಿಲ್ಲ. ಹೀಗೆ ಅಂಕೆಯಿಲ್ಲದ ಅಧಿಕಾರವು ಸಲ್ಲದೆಂದು ನ್ಯಾಯಾಧೀಶರು ಆ ನಿಯಮವನ್ನು ತೆಗೆದುಹಾಕಿದರು. ಆದರೆ ಬೀದಿಯು ಉಳಿದವರ ಸಂಚಾರಕ್ಕೂ ಒದಗಬೇಕಾದುದರಿಂದ, ಸಭೆಗಳನ್ನು ಕ್ರಮಕ್ಕೆ ಒಳಪಡಿಸುವುದು ತಪ್ಪಲ್ಲವೆಂದೂ ಹೇಳಿದರು.

ಇಂದು ಬೆಂಗಳೂರಿನಲ್ಲಿ ಗಣೇಶೋತ್ಸವಕ್ಕೆ ಚಪ್ಪರ ಹಾಕುವವರು ಪೋಲೀಸಿನವರು, ನಗರಪಾಲಿಕೆ, ವಿದ್ಯುತ್ತಿನ ಕಂಪೆನಿ, ಅಗ್ನಿಶಾಮಕದವರು, ಇಷ್ಟು ಮಂದಿಯ ಒಪ್ಪಿಗೆಯನ್ನು ಪಡೆಯಬೇಕು. ಒಂದೊಂದು ಕಚೇರಿಗೂ ಅಲೆಯುವ ಕಷ್ಟವು ತಪ್ಪಲೆಂದು ಇತ್ತೀಚಿನ ವರ್ಷಗಳಲ್ಲಿ ಎಲ್ಲವನ್ನೂ ಒಂದೆಡೆಯಲ್ಲಿ ಕೊಡುವ ಏಕಗವಾಕ್ಷಿಯ ಏರ್ಪಾಡು ನಡೆದಿದೆ. ಅಲೆದಾಟವು ಕಡಿಮೆಯಾಗುವುದು ಒಳ್ಳೆಯದೇ. ಆದರೆ ಕಾಗದವು ಸುಲಭವಾಗಿ ಕೈಸೇರಿದ ಮಾತ್ರಕ್ಕೆ ಅದರ ಅರ್ಥವು ತಿಳಿದಂತಾಗಲಿಲ್ಲ. ರಾಜನ ಅನುಗ್ರಹವೂ ಅಲ್ಲ, ಬರಿಯ ಮೊಹರೂ ಅಲ್ಲ ಎಂದ ಮೇಲೆ ಅಪ್ಪಣೆಯೆಂದರೇನು?

ಬೀದಿಯು ಯಾರದು ಎಂಬುದನ್ನು ಮೊದಲು ನೋಡಬೇಕು. ಉತ್ಸವ ಮಾಡುವವರೂ ಅದಕ್ಕೆ ಒಡೆಯರೇ. ಆದರೆ ಅವರೊಡನೆ ಇನ್ನೂ ಕೆಲವರು ಒಡೆಯರಿದ್ದಾರೆ: ಮೂಲೆಮನೆಯಲ್ಲಿ ಜ್ವರದಿಂದ ಮಲಗಿರುವ ಮುದುಕಿ, ಮರುದಿನದ ಪರೀಕ್ಷೆಗೆ ಓದುತ್ತಿರುವ ಬಾಲಕ, ರಾತ್ರಿಯ ಪಾಳಿ ಮುಗಿಸಿ ಬಂದು ಹಗಲು ನಿದ್ರಿಸಬೇಕಾದ ಕೂಲಿಯವನು, ಹೆರಿಗೆಯ ಬೇನೆಯಿಂದ ಆಸ್ಪತ್ರೆಗೆ ಹೊರಟ ಹೆಂಗಸು. ಉತ್ಸವದ ಸಮಿತಿಯು ಸೇರಿದಾಗ ಇವರಲ್ಲಿ ಯಾರೂ ಅಲ್ಲಿರುವುದಿಲ್ಲ. ಇವರನ್ನೆಲ್ಲ ಮನೆಮನೆಗೂ ಹೋಗಿ ಕೇಳುವುದು ಹಳ್ಳಿಯಲ್ಲಿ ಸಾಧ್ಯವಾದೀತು, ಮಹಾನಗರದಲ್ಲಿ ಆಗದು. ಆದಕಾರಣ ಅವರ ಪರವಾಗಿ ಕೇಳಿಸಿಕೊಳ್ಳಲು ಒಬ್ಬನನ್ನು ನಗರವು ಕುಳ್ಳಿರಿಸಿದೆ. ಅಪ್ಪಣೆಯನ್ನು ಬೇಡುವುದೆಂದರೆ ಅಲ್ಲಿಲ್ಲದವರನ್ನು ಕೇಳುವುದು. ಅಧಿಕಾರಿಯು ಅಪ್ಪಣೆಯ ಯಜಮಾನನಲ್ಲ. ಪರರ ಒಡವೆಯನ್ನು ನ್ಯಾಸವಾಗಿ ಇಟ್ಟುಕೊಂಡವನು.

ಇದನ್ನು ಒಪ್ಪಿದರೆ ಅಧಿಕಾರಿಯ ಧರ್ಮವು ತಾನಾಗಿಯೇ ಗೊತ್ತಾಗುತ್ತದೆ. ನ್ಯಾಸವಾಗಿಟ್ಟ ವಸ್ತುವನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಹಣಕ್ಕಾಗಿಯೋ ದಾಕ್ಷಿಣ್ಯಕ್ಕಾಗಿಯೋ ಅಪ್ಪಣೆ ಕೊಡುವವನು ಆ ಜ್ವರದ ಮುದುಕಿಯ ನಿದ್ರೆಯನ್ನು ಮಾರಿದವನಾಗುತ್ತಾನೆ. ನಿರಾಕರಿಸುವುದಾದರೆ ಕಾರಣವನ್ನು ಬರೆದು ಕೊಡಬೇಕು; ಬೇರೆ ದಿನವೋ ಬೇರೆ ದಾರಿಯೋ ಒಪ್ಪಿಗೆಯಾಗುವಂತಿದ್ದರೆ ತಿಳಿಸಬೇಕು. ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡು ಉತ್ಸವದ ಹಿಂದಿನ ದಿನದವರೆಗೆ ಮೌನವಾಗಿರುವುದು ನಿರಾಕರಣೆಗಿಂತಲೂ ಕೆಟ್ಟದ್ದು. ಠೇವಣಿ ಶುಲ್ಕಗಳು ಬಡವರ ಕೇರಿಗೆ ಹೊರಲಾರದಷ್ಟಾದರೆ ಉತ್ಸವವು ಹಣವಂತರ ಸೊತ್ತಾಗುವುದು. ಹತ್ತು ಮಂದಿಯ ಭಜನೆಗೂ ಹತ್ತು ಸಾವಿರ ಜನರ ಮೆರವಣಿಗೆಗೂ ಒಂದೇ ಅಳತೆಯನ್ನು ಹಿಡಿಯುವುದೂ ವಿವೇಕವಲ್ಲ.

ಬೇಡುವವನ ಧರ್ಮವೂ ಇಷ್ಟೇ ಗಟ್ಟಿಯಾದುದು. ಅನುಮತಿಯ ಕಾಗದವೆಂದರೆ ನೆರೆಯವರಿಗೆ ಕೊಟ್ಟ ಮಾತು. 2000ನೆಯ ಇಸವಿಯ ಶಬ್ದಮಾಲಿನ್ಯದ ನಿಯಮಗಳಂತೆ ಧ್ವನಿವರ್ಧಕಕ್ಕೆ ಲಿಖಿತಾನುಮತಿ ಬೇಕು; ಬಯಲಿನಲ್ಲಿ ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಅದನ್ನು ಬಳಸಕೂಡದು. ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಲ್ಲಿ ಮಾತ್ರ, ವರ್ಷಕ್ಕೆ 15 ದಿನಗಳಿಗೆ ಮೀರದಂತೆ, ಮಧ್ಯರಾತ್ರಿಯ ತನಕ ರಾಜ್ಯಸರ್ಕಾರವು ಸಡಿಲಿಕೆ ಕೊಡಬಹುದು. ಕೇಳಲೊಲ್ಲದವನನ್ನು ಕೇಳುವಂತೆ ಬಲಾತ್ಕರಿಸುವ ಹಕ್ಕು ಯಾರಿಗೂ ಇಲ್ಲವೆಂದು 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಹತ್ತು ಗಂಟೆಗೆ ನಿಲ್ಲಿಸುವೆವೆಂದು ರುಜು ಹಾಕಿ ಹನ್ನೆರಡಕ್ಕೂ ನಿಲ್ಲಿಸದವರು, ಪೋಲೀಸಿನವರು ಸುಮ್ಮನಿದ್ದರೂ, ಮಾತಿಗೆ ತಪ್ಪಿದವರೇ.

"ದೇವರ ಸೇವೆಗೆ ಮನುಷ್ಯರ ಅಪ್ಪಣೆಯೆ? ಹಿಂದಿನವರು ಯಾವ ಅರ್ಜಿ ಬರೆದಿದ್ದರು?" ಎಂದು ಕೆಲವರು ಆಕ್ಷೇಪಿಸುವರು. ಬೆಂಗಳೂರಿನ ಕರಗವನ್ನೇ ನೋಡಬಹುದು. ಚೈತ್ರಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಟ ಕರಗವು ಪೇಟೆಯ ಬೀದಿಗಳಲ್ಲಿ ಸಂಚರಿಸುತ್ತ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗಿಬರುತ್ತದೆ. ಆ ರಾತ್ರಿ ನಿದ್ರೆಗೆಟ್ಟವರು ಗೊಣಗುವುದಿಲ್ಲ. ಅನೇಕ ತಲೆಮಾರುಗಳಿಂದ ಅವರ ಹಿರಿಯರು ಅದಕ್ಕೆ ಒಪ್ಪಿದ್ದಾರೆ, ಅನ್ಯಮತದ ನೆರೆಯವರೂ ಅದನ್ನು ತಮ್ಮ ಬಾಗಿಲಲ್ಲಿ ಬರಮಾಡಿಕೊಂಡಿದ್ದಾರೆ. ಅಲ್ಲಿ ಅನುಮತಿಯು ಇಲ್ಲದಿಲ್ಲ. ಅದು ಕಾಗದಕ್ಕಿಂತ ಮೊದಲು ನಡೆವಳಿಕೆಯಲ್ಲಿ ಬೆಳೆದು ಬಂದಿದೆ. ನಿನ್ನೆ ಹುಟ್ಟಿದ ಸಂಘವು ಆ ಸಲಿಗೆಯನ್ನು ಒಂದೇ ದಿನದಲ್ಲಿ ಕೇಳುವುದು ತರವಲ್ಲ.

ಅಪ್ಪಣೆಯಲ್ಲಿ ಇನ್ನೊಂದು ಪ್ರಯೋಜನವಿದೆ; ಅದು ಕಾಲಾವಕಾಶ. 2025ರ ಜೂನ್ 3ರಂದು ಬೆಂಗಳೂರಿನ ಕ್ರಿಕೆಟ್ ತಂಡವು ಐಪಿಎಲ್ ಪಂದ್ಯಾವಳಿಯನ್ನು ಮೊದಲ ಬಾರಿಗೆ ಗೆದ್ದಿತು. ಮರುದಿನವೇ ವಿಜಯೋತ್ಸವ. ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತಲೂ ನೆರೆದ ಜನಸಾಗರದಲ್ಲಿ ನೂಕುನುಗ್ಗಲುಂಟಾಗಿ 11 ಮಂದಿ ಅಸುನೀಗಿದರು. ಹೊಣೆಯು ಯಾರದೆಂದು ನಿರ್ಣಯಿಸುವುದು ನ್ಯಾಯಸ್ಥಾನಗಳ ಕೆಲಸ. ಆದರೆ ಗೆಲುವಿಗೂ ಉತ್ಸವಕ್ಕೂ ನಡುವೆ ಒಂದು ಹಗಲಿನ ಅಂತರವೂ ಇರಲಿಲ್ಲವೆಂಬುದು ಎಲ್ಲರಿಗೂ ತಿಳಿದದ್ದು. ಬಾಗಿಲುಗಳೆಷ್ಟು, ಒಳಗೆ ಹಿಡಿಯುವ ಜನರೆಷ್ಟು, ನೀರೆಲ್ಲಿ, ವೈದ್ಯರೆಲ್ಲಿ ಎಂದು ಯಾರಾದರೊಬ್ಬರು ಸಮಾಧಾನದಿಂದ ಕುಳಿತು ಎಣಿಸುವುದಕ್ಕೆ ಕೆಲವು ದಿನಗಳು ಬೇಕು. ಅರ್ಜಿಯ ಪದ್ಧತಿಯು ಆ ದಿನಗಳನ್ನು ದೊರಕಿಸುತ್ತದೆ. ಮಕ್ಕಳನ್ನು ಕಳೆದುಕೊಂಡ ಮನೆಗಳ ಮುಂದೆ ನಿಂತು ಅಪ್ಪಣೆಯು ಬರಿಯ ಕಾಗದವೆಂದು ಹೇಳಲು ಯಾರಿಗೂ ಬಾಯಿ ಬಾರದು.

ಕಡೆಯದಾಗಿ ಒಂದು ಮಾತು. 2021ರ ಒಂದು ಆದೇಶವು ಬೆಂಗಳೂರಿನಲ್ಲಿ ಪ್ರತಿಭಟನೆಗಳಿಗೆ ಫ್ರೀಡಂ ಪಾರ್ಕನ್ನು ಗೊತ್ತುಮಾಡಿತು; ಅದು ಹಿಂದೆ ಸೆರೆಮನೆಯಿದ್ದ ಸ್ಥಳ. ಸಂಚಾರಕ್ಕೆ ಅಡ್ಡಿಯಾಗಬಾರದೆಂಬ ಕಾರಣವು ಹುರುಳಿಲ್ಲದ್ದಲ್ಲ. ಆದರೆ ಆ ಕಾರಣವು ಸತ್ಯವಾದರೆ ವಿಜಯದ ಮೆರವಣಿಗೆಗೂ ಅದು ಅನ್ವಯಿಸಬೇಕು. ಸಂತೋಷಪಡುವವರಿಗೆ ರಾಜಬೀದಿಯನ್ನು ಬಿಟ್ಟುಕೊಟ್ಟು, ದುಃಖವನ್ನು ಹೇಳಿಕೊಳ್ಳಲು ಬಂದವರನ್ನು ಮಾತ್ರ ಗೋಡೆಯೊಳಗೆ ಕಳುಹಿಸುವ ನಗರವು ಎರಡು ತಕ್ಕಡಿಗಳನ್ನು ಇಟ್ಟುಕೊಂಡಂತಾಗುವುದು. ತನಗೆ ಹಿತವಾದ ಗುಂಪಿಗೆ ಅಪ್ಪಣೆ ಕೊಡುವುದು ಯಾವ ಅಧಿಕಾರಿಗೂ ಕಷ್ಟವಲ್ಲ. ಅಹಿತವಾದ ಗುಂಪಿಗೂ ಅದೇ ನಿಯಮದಿಂದ, ಅದೇ ಅವಧಿಯೊಳಗೆ ಉತ್ತರ ಕೊಟ್ಟಾಗಲೇ ಅವನ ನ್ಯಾಯನಿಷ್ಠೆಯು ತಿಳಿಯುವುದು. ಹಾಗೆಯೇ, ಕೇಳದೆ ಮಾಡಿದರೂ ನಡೆದೀತೆಂಬ ಬಲವಿದ್ದಾಗಲೂ ಕೇಳಿ ಮಾಡುವವರಲ್ಲಿಯೇ ಉತ್ಸವದ ಯೋಗ್ಯತೆಯು ಕಾಣುವುದು. ಈ ಬಾರಿಯ ಹಬ್ಬಕ್ಕೆ ಚಂದಾ ಎತ್ತಲು ಹೊರಡುವ ತರುಣರು, ಹಣವನ್ನು ಕೇಳುವಾಗಲೇ ಪ್ರತಿಯೊಂದು ಮನೆಯಲ್ಲಿಯೂ ಯಾರಾದರೂ ಕಾಯಿಲೆಯವರಿದ್ದಾರೆಯೇ ಎಂದು ವಿಚಾರಿಸಿ ಬಂದರೆ, ಅರ್ಜಿಯ ಅರ್ಧ ಕೆಲಸವು ಅಲ್ಲಿಯೇ ಮುಗಿದಂತಾಗುವುದು.