ಕನಸುಗಾರನೆಂದು ಯಾರನ್ನು ಕರೆಯುತ್ತೇವೆ?

ಕನ್ನಡಿಗರಾದ ನಾವು ಕನಸು ಕಾಣುತ್ತೇವೆ. ಜಪಾನೀಯರೂ ಹಾಗೆಯೇ. ಅವರ 'ಯುಮೆ ಒ ಮಿರು' ಎಂಬ ಮಾತಿಗೆ ಅಕ್ಷರಶಃ ಕನಸನ್ನು ನೋಡುವುದು ಎಂದೇ ಅರ್ಥ. ಚೀನೀಯರು ಮಾತ್ರ ಕನಸನ್ನು 'ಮಾಡುತ್ತಾರೆ'. ಅವರ 'ಝುವೊ ಮೆಂಗ್'ನಲ್ಲಿರುವುದು ಅಡುಗೆ ಮಾಡುವುದಕ್ಕೂ ಬಳಸುವ ಅದೇ ಕ್ರಿಯಾಪದ. ಕನಸೂ ಒಂದು ಕೆಲಸವೆಂದು ಒಪ್ಪಿಕೊಂಡ ಭಾಷೆಯೆಂದು ನಾವು ಸಂತೋಷಪಡುವಷ್ಟರಲ್ಲಿ, ಅದೇ ಮಾತು ಅಲ್ಲಿ ಮೂದಲಿಕೆಯೂ ಹೌದೆಂದು ತಿಳಿಯುತ್ತದೆ. ಆಗದ್ದನ್ನು ಬಯಸಿದವನಿಗೆ 'ಕನಸು ಮಾಡುತ್ತಿದ್ದೀಯಾ' ಎನ್ನುತ್ತಾರೆ. ನಮ್ಮ ಹಗಲುಗನಸು ಕೂಡ ಅಲ್ಲಿ ಪದಕ್ಕೆ ಪದವಾಗಿ ಇದೆ.

ಈ ಎರಡು ಭಾಷೆಗಳ ಒಂದು ಜೋಡಿ ಪದ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಜಪಾನಿನಲ್ಲಿ ಕೈಲಾಗದ ಕನಸುಗಾರ 'ಕೂಸೋಕ', ಆದರ್ಶವಾದಿ 'ರಿಸೋಕ'. ಎರಡರ ನಡುವಿನ 'ಸೋ' ಎಂದರೆ ಆಲೋಚನೆ. ಅದನ್ನು ಬರೆಯುವ ಚೀನೀ ಅಕ್ಷರದ ಬುಡದಲ್ಲಿ ಹೃದಯದ ಚಿಹ್ನೆಯಿದೆ. ಅದರ ಮುಂದೆ 'ಬರಿದು' ಎಂಬ ಅಕ್ಷರ ಬಂದರೆ ಬರಿಗನಸು. 'ತತ್ವ' ಎಂಬ ಅಕ್ಷರ ಬಂದರೆ ಆದರ್ಶ. 'ರಿಸೋ' ಎಂಬ ಪದವನ್ನು ಟಂಕಿಸಿದ ಕೀರ್ತಿ ಮೇಜಿ ಕಾಲದ ವಿದ್ವಾಂಸ ನಿಷಿ ಅಮಾನೆಗೆ (1829-1897) ಸಲ್ಲುತ್ತದೆ. ಪಾಶ್ಚಾತ್ಯ ತತ್ವಶಾಸ್ತ್ರವನ್ನು ತರಲು ಅವರು ಕಟ್ಟಿದ ಆ ಪದ ಮುಂದೆ ಚೀನಾಕ್ಕೂ ಹೋಯಿತು.

ಹೃದಯ ಒಂದೇ ಆಗಿರುವಾಗ ಮುಂದಿನ ಅಕ್ಷರವನ್ನು ಇಡುವವರು ಯಾರು? ಹೆಚ್ಚಾಗಿ ಗೆದ್ದವರು. ಮಾರ್ಕ್ಸ್‌ಗಿಂತ ಮೊದಲಿನ ಓವೆನ್, ಫೂರಿಯೇ ಮುಂತಾದವರ ಸಮಾಜವಾದಕ್ಕೆ ಎರಡೂ ಭಾಷೆಗಳಲ್ಲಿ ಅಂಟಿದ್ದು 'ಬರಿದು' ಎಂಬ ಅಕ್ಷರವೇ.

ತನಾಕಾ ಶೋಜೋ ಅವರ ಬದುಕನ್ನು ನೋಡೋಣ. 1841ರಲ್ಲಿ ಹುಟ್ಟಿದ ಅವರು 1890ರ ಮೊದಲ ಚುನಾವಣೆಯಲ್ಲೇ ಜಪಾನಿನ ಸಂಸತ್ತಿಗೆ ಆಯ್ಕೆಯಾದರು. ಆಶಿಯೋ ತಾಮ್ರದ ಗಣಿಯ ವಿಷ ವತಾರಾಸೆ ನದಿಗೆ ಸೇರಿ ಮೀನು ಸತ್ತು ಗದ್ದೆಗಳು ಬೆಂದುಹೋಗುತ್ತಿದ್ದವು. 1891ರಿಂದ ಅವರು ಸಂಸತ್ತಿನಲ್ಲಿ ಪ್ರಶ್ನೆ ಎತ್ತುತ್ತಲೇ ಇದ್ದರು. ದೇಶಕ್ಕೆ ತಾಮ್ರ ಬೇಕಿತ್ತು, ಪ್ರಶ್ನೆ ಬೇಕಿರಲಿಲ್ಲ. 1901ರಲ್ಲಿ ಅವರು ಸದಸ್ಯತ್ವ ಬಿಟ್ಟು, ಡಿಸೆಂಬರ್ 10ರಂದು ಚಕ್ರವರ್ತಿಯ ಗಾಡಿಯತ್ತ ಮನವಿ ಪತ್ರ ಹಿಡಿದು ಓಡಿದರು. ಸರಕಾರ ಶಿಕ್ಷಿಸಲಿಲ್ಲ, ಹುಚ್ಚನೆಂದು ಬಗೆದು ಬಿಟ್ಟುಬಿಟ್ಟಿತು. ಜೈಲಿಗೆ ಹಾಕಿದ್ದರೆ ಅವರ ಮಾತಿಗೆ ಬೆಲೆ ಕೊಟ್ಟಂತಾಗುತ್ತಿತ್ತಲ್ಲವೇ! 1974ರಲ್ಲಿ ಗಣಿ ಕಂಪೆನಿ ರೈತರಿಗೆ ಪರಿಹಾರ ಕೊಡಲು ಒಪ್ಪಿತು. ಈಗ ತನಾಕಾ ಜಪಾನಿನ ಪರಿಸರ ಹೋರಾಟದ 'ಸೆಂಕುಷ', ಅಂದರೆ ಮುಂದೆ ಕುದುರೆ ಓಡಿಸಿದವರು.

ಹಾಗೆಂದು ಕಾಲಕ್ಕಿಂತ ಮುಂದಿರುವುದೇ ದೊಡ್ಡ ಗುಣವೆಂದು ನಮಗನಿಸುವುದಿಲ್ಲ. ಚೀನೀ ಭಾಷೆಯ 'ಸಿಯಾನ್‌ಝಿ' ಎಂದರೆ ಮೊದಲು ಅರಿತವ. ಮೆನ್ಸಿಯಸ್‌ನ ಪ್ರಕಾರ ಅಂಥವನ ಮೇಲೆ ನಂತರ ಅರಿಯುವವರನ್ನು ಎಬ್ಬಿಸುವ ಹೊಣೆಯಿದೆ. ಜಪಾನೀಯರಲ್ಲಿ 'ಯೊಗೆನ್‌ಷ' ಎಂಬ ಪದವನ್ನು ಎರಡು ರೀತಿಯಲ್ಲಿ ಬರೆಯುತ್ತಾರೆ. ಒಂದು ಬರಹದಲ್ಲಿ ಅದು ಭವಿಷ್ಯ ಹೇಳುವವ, ಇನ್ನೊಂದರಲ್ಲಿ ಪ್ರವಾದಿ. ಪ್ರವಾದಿಗೆ ಬಳಸುವ ಅಕ್ಷರವನ್ನೇ ಅವರು ಬ್ಯಾಂಕಿನ ಠೇವಣಿಗೂ ಬಳಸುತ್ತಾರೆ. ತನ್ನಲ್ಲಿ ಒಪ್ಪಿಸಲಾದ ಮಾತನ್ನು ಕಾಯುವವನು, ಅಮಾನತ್ತು ಹೊತ್ತವನು ಎಂದು ನಾವು ಓದಿಕೊಳ್ಳುತ್ತೇವೆ. ಇಲ್ಲಿ ಮುಖ್ಯವಾಗುವುದು ದೂರದೃಷ್ಟಿಯಲ್ಲ, ಬೇರೆಯವರ ಸೊತ್ತನ್ನು ಪೋಲು ಮಾಡದಿರುವುದು.

ತನಾಕಾ 1904ರಲ್ಲಿ, ಸರಕಾರ ಮುಳುಗಿಸಲು ನಿರ್ಧರಿಸಿದ್ದ ಯನಾಕಾ ಹಳ್ಳಿಗೆ ಹೋಗಿ ನೆಲೆಸಿದರು. 1907ರಲ್ಲಿ ಅಲ್ಲಿ ಉಳಿದಿದ್ದ ಮನೆಗಳನ್ನು ಕೆಡವಲಾಯಿತು. 1913ರಲ್ಲಿ ತೀರಿಕೊಂಡಾಗ ಅವರ ಬಳಿ ಇದ್ದದ್ದು ಒಂದು ಚೀಲ. ಅದರಲ್ಲಿ ದಿನಚರಿ, ಬೈಬಲಿನ ಹೊಸ ಒಡಂಬಡಿಕೆ, ದೇಶದ ಸಂವಿಧಾನದ ಪ್ರತಿ ಮತ್ತು ಕೆಲವು ಬೆಣಚುಕಲ್ಲುಗಳು.